ಎಡ ಮೂರು

ನಮ್ಮ ಕೊಟ್ಟಿಗೆಯ ಹಸುಗಳಿಗೆ ಹೆಸರಿರಲಿಲ್ಲ. ಎಡ ಸಾಲಿನಲ್ಲಿ ಆರು, ಬಲ ಸಾಲಿನಲ್ಲಿ ಆರು. ಎಡ ಒಂದು, ಎಡ ಎರಡು, ಬಲ ಐದು, ಹೀಗೆಯೇ ಕರೆಯುವುದು. ಮಾವನವರು ಮಾಡಿಟ್ಟು ಹೋದ ಪದ್ಧತಿ ಇದು. ಹೆಸರಿಟ್ಟರೆ ಮಾರುವಾಗ ಮನಸ್ಸು ಬರುವುದಿಲ್ಲ ಎಂದು ಅವರ ವಾದ. ಅವರು ತೀರಿಕೊಂಡು ಏಳು ವರ್ಷವಾದರೂ ಪದ್ಧತಿ ಮಾತ್ರ ಗಟ್ಟಿಯಾಗಿ ಕೂತಿತ್ತು. "ಎಡ ಮೂರು ಮೇವು ಬಿಟ್ಟಿದೆ" ಎಂದರೆ ಸಾಕು, ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಒಂದು ಹಸು ಹೋಗಿ ಇನ್ನೊಂದು ಬಂದರೆ ಅದೇ ಸರಪಳಿ, ಅದೇ ಹೆಸರು.

ಎಡ ಸಾಲು ಅತ್ತೆಯದು, ಬಲ ಸಾಲು ನನ್ನದು. ದಿನಕ್ಕೆರಡು ಹೊತ್ತು ಆರಾರು ಹಸು, ಕೈಯಲ್ಲೇ ಕರೆಯಬೇಕು. ನಾನು ಈ ಮನೆಗೆ ಬಂದು ಹದಿನೇಳು ವರ್ಷ. ಹದಿನೇಳು ವರ್ಷವೂ ನಾವಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತು ಹಾಲು ಕರೆದಿದ್ದೇವೆ, ಕರೆಯುತ್ತಲೇ ಜಗಳವಾಡಿದ್ದೇವೆ. ಜಗಳಕ್ಕೆ ಕಾರಣ ಬೇಕೇ? ಉಪ್ಪಿನ ಡಬ್ಬಿಯನ್ನು ಒಂದು ಗೇಣು ಆಚೆ ಇಟ್ಟರೆ ಜಗಳ. ಪೊರಕೆ ಬಾಗಿಲ ಹಿಂದೆ ಇಲ್ಲದಿದ್ದರೆ ಜಗಳ. "ಇಟ್ಟಲ್ಲೇ ಇಡೋಕೆ ನಿಂಗೇನು ರೋಗ?" ಎಂದು ಅತ್ತೆ, "ಇದೇನು ಮನೆಯೋ ಮ್ಯೂಸಿಯಮ್ಮೋ?" ಎಂದು ನಾನು. ನನ್ನ ಬಾಯಿ ಸ್ವಲ್ಪ ಜೋರೇ, ಒಪ್ಪಿಕೊಳ್ಳುತ್ತೇನೆ.

ಹಾಲಿನ ಡೈರಿಯಿಂದ ಬಂದ ಕಾಗದವನ್ನು ಊಟದ ಮೇಜಿನ ಮೇಲೆ, ಗೋಡೆಯ ಮೇಲಿನ ಮಾವನವರ ಫೋಟೋದ ಎದುರೇ, ಬಿಚ್ಚಿ ಓದಿದವಳು ನನ್ನ ಮಗಳು. ಹದಿನಾಲ್ಕು ವರ್ಷ. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮನೆಯಲ್ಲಿ ಅವಳಿಗೆ ಲಾಯರ್ ಎಂದೇ ಹೆಸರು.

"'ಯಾವುದೇ ಹಸುವನ್ನು ಕುತ್ತಿಗೆಗೆ ಸರಪಳಿ ಹಾಕಿ ದಿನವಿಡೀ ಒಂದೇ ಜಾಗದಲ್ಲಿ ಕಟ್ಟಿಡತಕ್ಕದ್ದಲ್ಲ. ಹಾಲು ಕರೆಯುವಾಗ, ಚಿಕಿತ್ಸೆ ಮಾಡುವಾಗ ಮಾತ್ರ ಕಟ್ಟಬಹುದು. ಪ್ರತಿ ಹಸುವಿಗೂ ಮಲಗಲು ಒಣಗಿದ ಮೆತ್ತನೆಯ ಜಾಗ, ತಿರುಗಾಡಲು ಸ್ಥಳ, ಗಾಳಿ ಬೆಳಕು ಇರತಕ್ಕದ್ದು.' ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ. ಆಮೇಲೆ ಇನ್ಸ್‌ಪೆಕ್ಟರ್ ಬರ್ತಾರೆ. ಸರಿ ಇಲ್ಲದಿದ್ರೆ ಹಾಲು ತಗೊಳ್ಳಲ್ಲ."

"ಯಾವನೋ ಕುರ್ಚಿ ಮೇಲೆ ಕೂತೋನು ಬರೆದಿರೋದು," ಎಂದರು ಅತ್ತೆ. "ಹಸು ಹೋಗಿ ಅವನ ಹತ್ರ ದೂರು ಕೊಡ್ತಾ?"

"ಅಜ್ಜಿ, ನಿನ್ನನ್ನ ದಿನಾ ಪೂರ್ತಿ ಒಂದು ಕುರ್ಚಿಗೆ ಕಟ್ಟಿಹಾಕಿದ್ರೆ?"

"ಕಟ್ಟು. ಕೂತಲ್ಲಿಗೆ ಊಟ ತಂದು ಕೊಡ್ತೀಯಾ? ಕೆಳಗಡೆ ಎಲ್ಲ ಕ್ಲೀನ್ ಮಾಡ್ತೀಯಾ? ಹಾಗಾದ್ರೆ ನಾಳೆಯಿಂದಲೇ ಕಟ್ಟು, ನನ್ನ ಒಪ್ಪಿಗೆ ಇದೆ."

ಎಲ್ಲರೂ ನಕ್ಕೆವು. ನನ್ನ ಗಂಡ ಮಾತ್ರ ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. ಅವರದು ಮಾತು ಕಮ್ಮಿ. "ಹೂಂ" ಎಂದರೆ ಒಪ್ಪಿಗೆ, "ಹೂಂ?" ಎಂದರೆ ಪ್ರಶ್ನೆ, ಏನೂ ಅನ್ನದಿದ್ದರೆ ಸಿಟ್ಟು. ಆ ಸಂಜೆ ತಮ್ಮ ತಮ್ಮನ ಕಡೆ ನೋಡಿ ಹೂಂ ಎಂದರು. ಮೈದುನ ವೆಲ್ಡರ್. ರಸ್ತೆಯ ಆ ತುದಿಯಲ್ಲಿ ಅವನ ವರ್ಕ್‌ಶಾಪು, ಊಟ ಮಾತ್ರ ನಮ್ಮಲ್ಲಿ.

"ಮೂರು ತಿಂಗಳು ಯಾಕಣ್ಣ? ಆರು ವಾರದಲ್ಲಿ ಮುಗಿಸಿ ಕೊಡ್ತೀನಿ," ಎಂದ ಅವನು. ಮೈದುನನ ಆರು ವಾರ ಎಂದರೆ ಎಷ್ಟು ಎಂದು ಗೊತ್ತಿದ್ದ ನಾನು ಅವತ್ತೇ ಹತ್ತು ವಾರ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಕೆಲಸ ಶುರುವಾಯಿತು. ಹಿಂದಿನ ಗೋಡೆ ಒಡೆದರು. ಬಲ ಸಾಲಿನ ಕಂಬಗಳನ್ನು ಕತ್ತರಿಸಿದರು. ಮೇವಿನ ಮುಂದೆ ಉದ್ದಕ್ಕೆ ಕಬ್ಬಿಣದ ಕಂಬಿ, ಅದರ ಹಿಂದೆ ಮಲಗಲು ಮರದ ಪುಡಿ ಹಾಸಿದ ಅಂಕಣಗಳು. ದಿನವೆಲ್ಲ ಕಿಡಿ, ಹೊಗೆ, ಸುತ್ತಿಗೆಯ ಸದ್ದು. ಹಸುಗಳು ಬೆದರಿ ಹಾಲು ಕಮ್ಮಿ ಮಾಡಿದವು. ಮೈದುನನಿಗೆ ಗಂಟೆಗೊಂದು ಚಹಾ. ನಾನು ಒಲೆಗೂ ಕೊಟ್ಟಿಗೆಗೂ ಓಡಾಡಿ ಸಾಕಾದೆ.

ಅತ್ತೆ ತಮ್ಮ ಸಾಲನ್ನು ಮಾತ್ರ ಮುಟ್ಟಗೊಡಲಿಲ್ಲ.

"ಮೊದಲು ಆ ಕಡೆ ಮುಗಿಸು, ಈ ಕಡೆ ಆಮೇಲೆ ನೋಡೋಣ" ಎಂದು ಒಂದು ವಾರ. "ಎಡ ನಾಲ್ಕು ಗಬ್ಬ ಇದೆ, ಸದ್ದು ಮಾಡ್ಬೇಡ" ಎಂದು ಇನ್ನೊಂದು ವಾರ. ಕೊನೆಗೆ ಒಂದು ಬೆಳಿಗ್ಗೆ ಮೈದುನ ಕಟಿಂಗ್ ಮಷಿನ್ ಹಿಡಿದು ಹೋದರೆ ಅತ್ತೆ ಎಡ ಸಾಲಿನ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದರು.

"ಅಮ್ಮ, ಏಳಮ್ಮ. ಕಿಡಿ ಹಾರುತ್ತೆ."

"ಹಾರ್ಲಿ."

"ಎಲ್ಲಾ ಬಿಚ್ಚಿ ನಿಂದೊಂದೇ ಸಾಲು ಬಿಟ್ರೆ ಇನ್ಸ್‌ಪೆಕ್ಟರ್ ಒಪ್ತಾರಾ?"

"ಅರ್ಧ ಒಪ್ಪಲಿ. ಅರ್ಧ ಹಾಲು ತಗೊಳ್ಳಲಿ."

ನನಗೆ ರೇಗಿಹೋಯಿತು. "ಅತ್ತೆ, ಹಸು ಸುಖವಾಗಿ ನಾಲ್ಕು ಹೆಜ್ಜೆ ಓಡಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಹಸುನೂ ಸೊಸೆ ಥರ ಕಟ್ಟಿದಲ್ಲೇ ಇರಬೇಕು ಅಂತಲಾ?"

ಮೈದುನ ಮಷಿನ್ ಕೆಳಗಿಟ್ಟ. ಅತ್ತೆ ಎದ್ದರು. ಗೋಡೆ ಸವರಿಕೊಂಡು ಬಾಗಿಲ ತನಕ ಹೋದರು. ಗೋಡೆ ಸವರಿದ್ದನ್ನು ನಾನು ಸಿಟ್ಟು ಎಂದುಕೊಂಡೆ.

ಒಂಬತ್ತನೆಯ ವಾರ ಸರಪಳಿ ಬಿಚ್ಚಿದೆವು. ಲಾಯರ್ ಶಾಲೆಗೆ ಚಕ್ಕರ್ ಹೊಡೆದು ನೋಡಲು ನಿಂತಿದ್ದಳು. ಹನ್ನೆರಡೂ ಹಸುಗಳು ಮೊದಲು ಕದಲಲೇ ಇಲ್ಲ. ಆಮೇಲೆ ಬಲ ಎರಡು ಒಂದು ಹೆಜ್ಜೆ ಇಟ್ಟಿತು, ಅದರ ಹಿಂದೆ ಇನ್ನೊಂದು. ಕಾಲು ಗಂಟೆಯಲ್ಲಿ ಕೊಟ್ಟಿಗೆಯಲ್ಲಿ ಸಂತೆ ನೆರೆದಂತಾಯಿತು. ಒಂದು ಇನ್ನೊಂದನ್ನು ನೆಕ್ಕುತ್ತದೆ, ಒಂದು ಕಂಬಕ್ಕೆ ಬೆನ್ನು ತಿಕ್ಕುತ್ತದೆ. ಎಡ ಒಂದಂತೂ ಮರದ ಪುಡಿಯ ಮೇಲೆ ಮಲಗಿ ಕಾಲು ಚಾಚಿ, ಇಷ್ಟು ದಿನ ಎಲ್ಲಿದ್ದೆಯೋ ಎನ್ನುವ ಹಾಗೆ ಉಸಿರು ಬಿಟ್ಟಿತು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಆಗ ಅತ್ತೆ ಹಿಂಡಿಯ ಬಕೆಟ್ ಹಿಡಿದು ಬಂದರು. ದಿನದ ಹಾಗೆಯೇ ಬಾಗಿಲಿಂದ ಏಳು ಹೆಜ್ಜೆ ನಡೆದು ನಿಂತರು. ಬಗ್ಗಿ ಹಿಂಡಿ ಸುರಿದರು.

"ತಗೋ, ತಿನ್ನು. ಇವರ ಗಲಾಟೆಯಲ್ಲಿ ನಿಂಗೆ ಹಸಿವೇ ಹೋಗಿರಬೇಕು," ಎಂದು ಹೇಳಿ ಎಡ ಮೂರರ ಹಣೆ ಸವರಲು ಕೈ ಚಾಚಿದರು.

ಅಲ್ಲಿ ಹಸು ಇರಲಿಲ್ಲ. ಹಿಂಡಿ ಬರಿ ನೆಲದ ಮೇಲೆ ಬಿದ್ದಿತ್ತು. ಎಡ ಮೂರು ಆ ಮೂಲೆಯಲ್ಲಿ ನಿಂತು ನೀರು ಕುಡಿಯುತ್ತಿತ್ತು.

ಲಾಯರ್ ಕಿಸಕ್ಕನೆ ನಕ್ಕಳು. ಅತ್ತೆಯ ಕೈ ಗಾಳಿಯಲ್ಲಿ ಆ ಕಡೆ ಈ ಕಡೆ ಹುಡುಕಿದ್ದನ್ನು ನೋಡಿ ನಗು ನಿಲ್ಲಿಸಿದಳು.

"ಎಷ್ಟು ದಿನದಿಂದ ಅಮ್ಮ?" ಎಂದು ನನ್ನ ಗಂಡ ಕೇಳಿದರು.

"ಏನು ಎಷ್ಟು ದಿನ? ಬೆಳಕು ಕಮ್ಮಿ ಇದೆ," ಎಂದರು ಅತ್ತೆ. ಹೊಸದಾಗಿ ಇಟ್ಟ ಆರು ಕಿಟಕಿಗಳಿಂದ ಬಿಸಿಲು ಕೊಟ್ಟಿಗೆಯ ತುಂಬ ಬಿದ್ದಿತ್ತು.

ಕಣ್ಣಿನ ಡಾಕ್ಟರ್ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. "ಪೊರೆ ಆಗಿದ್ರೆ ತೆಗೀಬಹುದಿತ್ತು. ಇದು ಹಾಗಲ್ಲ. ಹೋಗಿರೋದು ವಾಪಸ್ ಬರಲ್ಲ, ಉಳಿದಿರೋದನ್ನ ಕಾಪಾಡ್ಕೊಳ್ಳಿ," ಎಂದು ತೊಟ್ಟು ಹಾಕುವ ಔಷಧಿ ಬರೆದುಕೊಟ್ಟರು. ಉಳಿದದ್ದಾದರೂ ಎಷ್ಟು? ಎದುರಿಗೆ ಬಂದವರ ಆಕಾರ, ಬೆಳಕು, ನೆರಳು, ಅಷ್ಟೇ. ಮೂರು ವರ್ಷದಿಂದ ಅತ್ತೆ ಈ ಮನೆಯನ್ನೂ ಕೊಟ್ಟಿಗೆಯನ್ನೂ ಹೆಜ್ಜೆ ಎಣಿಸಿಕೊಂಡು ನಡೆಸಿದ್ದರು. ಉಪ್ಪಿನ ಡಬ್ಬಿಗಾಗಿ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅವತ್ತು ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದರೂ ಮುಖ ನೋಡಲು ನನಗೆ ಆಗಲಿಲ್ಲ. ನೋಡಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ ಎನ್ನುವುದು ಇನ್ನೂ ಕಷ್ಟವಾಯಿತು.

ಊಟದ ಹೊತ್ತಿಗೆ ನನ್ನ ಗಂಡ ಗಂಟಲು ಸರಿ ಮಾಡಿಕೊಂಡರು. "ಅಮ್ಮ, ಹಾಲು ಕರೆಯೋದು ಇನ್ನು ಸಾಕು."

"ಯಾಕೆ?"

"ಯಾಕೆ ಅಂದ್ರೆ... ಹಸುಗಳು ಬಿಟ್ಟಿರ್ತವೆ. ಗುದ್ದಿಬಿಟ್ರೆ?"

"ಕಣ್ಣಲ್ಲಿ ಯಾರಾದ್ರೂ ಹಾಲು ಕರೀತಾರೇನೋ? ಕೈಯಲ್ಲಿ ಕರೀತಾರೆ. ಕೆಚ್ಚಲು ಮುಟ್ಟಿದ್ರೆ ಯಾವ ಹಸು ಅಂತ ನಂಗೆ ಗೊತ್ತಾಗುತ್ತೆ. ಎಡ ಮೂರಕ್ಕೆ ಹಿಂದಿನ ಮೊಲೆ ಒಂದು ಗಿಡ್ಡ, ಎಡ ಐದಕ್ಕೆ ತೊಗಲಿನ ಹಾಗೆ ಗಟ್ಟಿ. ಕರೆಯೋ ಹೊತ್ತಿಗೆ ಕಟ್ಟಬಹುದು ಅಂತ ಆ ಕಾಗದದಲ್ಲೇ ಇದೆಯಲ್ಲ. ಅಲ್ವೇನೇ ಲಾಯರ್?"

"ಇದೆ ಅಜ್ಜಿ. ಎರಡನೇ ಕಲಮು."

"ನೋಡಿದ್ಯಾ? ಕಟ್ಟಿ ಕೊಡಿ, ಕರೆದು ಕೊಡ್ತೀನಿ. ಅದನ್ನೂ ಕಿತ್ಕೊಂಡ್ರೆ ನಾನು ಈ ಮನೇಲಿ ಏನು ಮಾಡ್ಲಿ? ಗೋಡೆ ನೋಡ್ತಾ ಕೂರೋಣ ಅಂದ್ರೆ ಗೋಡೆನೂ ಕಾಣಲ್ಲ."

ನನ್ನ ಗಂಡ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಎರಡು ಸಲ ತಿರುಗಿಸಿ ಹೂಂ ಎಂದರು. ಹೀಗೆ ಅತ್ತೆಯ ಕೆಲಸ ಉಳಿಯಿತು. ಎರಡು ಹೊತ್ತು ಹಸುಗಳನ್ನು ಮೇವಿನ ಕಂಬಿಗೆ ಕಟ್ಟುವುದು, ಎಡಗಡೆಯ ಆರು ಅತ್ತೆಗೆ, ಬಲಗಡೆಯ ಆರು ನನಗೆ. ಹಳೆಯ ಜಾಗಕ್ಕೆ ಹಳೆಯ ಹಸುವನ್ನೇ ಕಟ್ಟಲು ನನ್ನ ಗಂಡ ಜೋಪಾನ ಮಾಡುತ್ತಿದ್ದರು. ಎರಡು ವಾರ ಎಲ್ಲ ಸರಿಯಾಗಿಯೇ ನಡೆಯಿತು.

ಆಮೇಲೆ ಎಡ ಮೂರಕ್ಕೆ ಕೆಚ್ಚಲು ಬಾವು ಬಂತು. ಪಶುವೈದ್ಯರು ಮಧ್ಯಾಹ್ನ ಬಂದು ಇಂಜೆಕ್ಷನ್ ಕೊಟ್ಟು, ಅದರ ತೊಡೆಯ ಮೇಲೆ ನೀಲಿ ಬಣ್ಣ ಬಳಿದು ಹೋದರು. ಐದು ದಿನ ಅದರ ಹಾಲು ಕ್ಯಾನಿಗೆ ಹೋಗಬಾರದು. ನನ್ನ ಗಂಡ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಎಡ ಮೂರು, ಹಾಲು ಚೆಲ್ಲಬೇಕು. ಅತ್ತೆಗೆ ಎರಡು ಸಲ ಹೇಳಿದರು. ನನಗೆ ಒಂದು ಸಲ. ನನಗೆ ಕಣ್ಣಿತ್ತಲ್ಲ.

ಅವತ್ತು ಸಂಜೆ ಅವರು ಮರದ ಪುಡಿ ತರಲು ಸಾಮಿಲ್ಲಿಗೆ ಹೋದವರು ಬರುವುದು ತಡವಾಯಿತು. ಹಸುಗಳನ್ನು ಕಟ್ಟಿದ್ದು ಮೈದುನ. ಅವನಿಗೆ ಕಬ್ಬಿಣದ ಗುರುತು ಸಿಗುತ್ತದೆಯೇ ಹೊರತು ಹಸುವಿನ ಗುರುತು ಸಿಗುವುದಿಲ್ಲ.

"ಹನ್ನೆರಡೂ ಕಟ್ಟಿದ್ದೀನಿ ಅತ್ತಿಗೆ, ಎಣಿಸ್ಕೊಳ್ಳಿ," ಎಂದ.

"ಎಣಿಸೋದು ಇರ್ಲಿ. ನಿನ್ನ ವೆಲ್ಡಿಂಗ್ ಕಡ್ಡಿ ನನ್ನ ಅಡುಗೆಮನೆ ಕಿಟಕಿಯಲ್ಲಿ ಯಾಕಿದೆ?"

"ಒಣಗಲಿ ಅಂತ ಇಟ್ಟೆ."

"ಒಲೆ ಮೇಲೆ ಇಡ್ಬೇಕಿತ್ತು, ಇನ್ನೂ ಬೇಗ ಒಣಗ್ತಿತ್ತು!"

ಹೀಗೆ ಹೆಗಲ ಮೇಲಿಂದ ಅವನ ಜೊತೆ ಜಗಳ ಆಡುತ್ತಲೇ ಬಲ ಒಂದು, ಬಲ ಎರಡು ಎಂದು ಸಾಲು ಹಿಡಿದು ಆರೂ ಹಸು ಕರೆದೆ. ಬಕೆಟ್ ಬಕೆಟ್ಟೇ ತಂದು ಕ್ಯಾನಿಗೆ ಸುರಿದೆ. ಅತ್ತೆಯೂ ತಮ್ಮ ಆರು ಮುಗಿಸಿ ಆರರ ಹಾಲನ್ನೂ ಸುರಿದರು. ಮೈದುನ ಕ್ಯಾನಿನ ಮುಚ್ಚಳ ಬಿಗಿದು ಗಾಡಿಗೆ ಹಾಕಿದ. ಹಲಗೆಯ ಕಡೆ ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಡೈರಿಯಿಂದ ಫೋನ್ ಬಂತು. ಟ್ಯಾಂಕರಿನ ಹಾಲಿನಲ್ಲಿ ಔಷಧಿ ಸಿಕ್ಕಿತ್ತು. ಮನೆಮನೆಯ ಸ್ಯಾಂಪಲ್ ಬಾಟಲಿ ಪರೀಕ್ಷೆ ಮಾಡಿದಾಗ ನಮ್ಮದು ಸಿಕ್ಕಿಬಿತ್ತು. ಮೂವತ್ತೆರಡು ಮನೆಯ ಹಾಲನ್ನು ಮೋರಿಗೆ ಬಿಟ್ಟರಂತೆ. ಹತ್ತು ದಿನ ನಮ್ಮ ಹಾಲು ತೆಗೆದುಕೊಳ್ಳುವುದಿಲ್ಲ ಎಂದರು. ನನ್ನ ಗಂಡ ಡೈರಿಗೆ ಹೋಗಿ ಮೂವತ್ತೆರಡು ಮನೆಯವರ ಮುಂದೆ ತಲೆ ತಗ್ಗಿಸಿ ನಿಂತು ಬಂದರು. ಬಂದವರು ಚಪ್ಪಲಿಯನ್ನೂ ಬಿಡದೆ ನೇರವಾಗಿ ಅಡುಗೆಮನೆಗೆ ಬಂದರು. ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದರು.

"ಅಮ್ಮ, ಎಡ ಮೂರರ ಹಾಲು ಚೆಲ್ಲು ಅಂತ ಎರಡು ಸಲ ಹೇಳಿದ್ನೋ ಇಲ್ವೋ?"

"ಹೇಳಿದ್ದೀಯ."

"ಆರೂ ಬಕೆಟ್ ಕ್ಯಾನಿಗೆ ಸುರಿದ್ಯಂತೆ. ತಮ್ಮ ನೋಡಿದ್ದಾನೆ."

"ಸುರಿದೆ. ಆವತ್ತು ಎಡ ಮೂರು ನನ್ನ ಕೈಗೆ ಬರಲಿಲ್ಲ."

"ಬಂದಿದ್ರೂ ನಿಂಗೆ ಹೇಗೆ ಗೊತ್ತಾಗುತ್ತೆ?" ಎಂದು ಅವರು ಕೂಗಿದರು. ಹದಿನೇಳು ವರ್ಷದಲ್ಲಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಇವತ್ತಿಗೆ ಮುಗೀತು. ಇನ್ಮೇಲೆ ನೀನು ಕೊಟ್ಟಿಗೆಗೆ ಕಾಲಿಡಬೇಡ."

ಮಧ್ಯೆ ಬಾಯಿ ಹಾಕದೆ ಇದ್ದರೆ ನಾನು ನಾನೇ ಅಲ್ಲ. "ಮೊದಲೇ ಹೇಳಿದ್ರೆ ಕೇಳಲಿಲ್ಲ. ಕಣ್ಣೂ ಇಲ್ಲ, ಮೇಲೆ ಹಠ ಬೇರೆ," ಎಂದೆ.

ಅತ್ತೆ ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿದರು. ಅವರು ಇನ್ನೊಂದು ಬೀನ್ಸ್ ತೆಗೆದುಕೊಂಡು ತುದಿ ಮುರಿದರು.

ಮಧ್ಯಾಹ್ನ ಬಟ್ಟೆ ಒಗೆಯಲು ಕೂತೆ. ಹಾಲು ಕರೆಯುವಾಗ ತಲೆಗೆ ಕಟ್ಟಿಕೊಳ್ಳುವ ಬಿಳಿ ಬಟ್ಟೆಯನ್ನು ನೀರಿಗೆ ಹಾಕಲು ಬಿಡಿಸಿದೆ. ಹಣೆಯ ಜಾಗದಲ್ಲಿ ಅಂಗೈಯಗಲ ನೀಲಿ ಬಣ್ಣ ಹತ್ತಿತ್ತು.

ಕರೆಯುವಾಗ ನಾವು ಹಸುವಿನ ತೊಡೆಗೆ ತಲೆಯಾನಿಸಿ ಕೂರುತ್ತೇವೆ. ನೀಲಿ ಬಳಿದ ಹಸು ಇಡೀ ಕೊಟ್ಟಿಗೆಯಲ್ಲಿ ಒಂದೇ ಇತ್ತು.

ಮೈದುನ ಆ ಹಸುವನ್ನು ನನ್ನ ಸಾಲಿನಲ್ಲಿ ಕಟ್ಟಿದ್ದ. ನಾನು ಅದನ್ನು ಬಲ ನಾಲ್ಕೋ ಐದೋ ಎಂದುಕೊಂಡು, ಜಾಗ ನೋಡಿ ಹಸು ನೋಡದೆ ಕರೆದಿದ್ದೆ. ಬಣ್ಣ ನನ್ನ ಮೂಗಿನ ಮುಂದೆಯೇ ಇತ್ತು. ನಾನು ಕತ್ತು ತಿರುಗಿಸಿ ವೆಲ್ಡಿಂಗ್ ಕಡ್ಡಿಯ ಜಗಳ ಆಡುತ್ತಿದ್ದೆ.

ಆಗಲೇ ಎದ್ದು ಒಳಗೆ ಹೋಗಿ ಹೇಳಿಬಿಡಬೇಕಿತ್ತು. ಎದ್ದೆ ಕೂಡ. ಬಾಗಿಲ ತನಕ ಹೋದೆ. ಕಣ್ಣೂ ಇಲ್ಲ, ಮೇಲೆ ಹಠ ಬೇರೆ. ಎರಡು ಗಂಟೆಯ ಹಿಂದೆ ನಾನೇ ಆಡಿದ ಮಾತು. ಅದನ್ನು ಹೇಗೆ ನುಂಗಲಿ? ತಿರುಗಿ ಬಂದು ಸೋಪು ಹಚ್ಚಿ ಬಟ್ಟೆ ಉಜ್ಜಿದೆ. ಬಣ್ಣ ಪೂರ್ತಿ ಹೋಗಲಿಲ್ಲ. ಕೊನೆಗೆ ಆ ಬಟ್ಟೆಯನ್ನು ನೆಲ ಒರೆಸುವ ಬಟ್ಟೆಗಳ ಅಡಿಗೆ ತುರುಕಿದೆ.

ಹನ್ನೆರಡೂ ಹಸು ಈಗ ನನ್ನ ಪಾಲಿಗೆ ಬಂದವು. ಕರೆದ ಹಾಲನ್ನೆಲ್ಲ ಹಿತ್ತಿಲಿನ ಗುಂಡಿಗೆ ಸುರಿಯುವುದು. ಸುರಿಯುವಾಗ ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಸದ್ದು ಕೇಳಿಸಿಕೊಳ್ಳುತ್ತಿದ್ದರು. ಇನ್ನು ಜಾಗದ ಹೆಸರು ನಂಬಿ ಕೆಲಸ ಮಾಡುವಂತಿಲ್ಲ ಎಂದು ಲಾಯರ್ ಪ್ರತಿ ಹಸುವಿನ ಕುತ್ತಿಗೆಗೂ ಒಂದೊಂದು ಬಣ್ಣದ ಪಟ್ಟಿ ಕಟ್ಟಿ ಹೆಸರಿಟ್ಟಳು. ಎಡ ಮೂರು ಈಗ ಬೆಳ್ಳಿಯಾಯಿತು.

ಅತ್ತೆ ಜಗಳ ನಿಲ್ಲಿಸಿದರು. ಉಪ್ಪಿನ ಡಬ್ಬಿ ಅದರ ಜಾಗದಲ್ಲಿ ಇಲ್ಲದಿದ್ದರೆ ಕೈಯಾಡಿಸಿ ಹುಡುಕಿ, ಸಿಗದಿದ್ದರೆ ಸುಮ್ಮನಾಗುತ್ತಿದ್ದರು. ತಟ್ಟೆಗೆ ಹಾಕಿದ್ದನ್ನು ಉಂಡು, ತಾವೇ ತಟ್ಟೆ ತೊಳೆದು, ಕೋಣೆಗೆ ಹೋಗಿ ಕೂರುವುದು.

"ಯಾಕೆ ಅತ್ತೆ, ಇನ್ನೊಂಚೂರು ಹಾಕ್ಲಾ?"

"ಸಾಕು. ಕೆಲಸ ಇಲ್ಲದೋರಿಗೆ ಹಸಿವೆಲ್ಲಿ?"

ಏಳನೆಯ ದಿನ ಇನ್ಸ್‌ಪೆಕ್ಟರ್ ಬಂದರು. ಕುಳ್ಳಗಿನ ಹೆಂಗಸು, ಕೈಯಲ್ಲಿ ಅಳತೆಯ ಟೇಪು. ಅಂಕಣ ಅಳೆದರು, ಮರದ ಪುಡಿಗೆ ಮೊಣಕಾಲೂರಿ ಒದ್ದೆ ಇದೆಯೇ ಎಂದು ನೋಡಿದರು, ಕಿಟಕಿ ಎಣಿಸಿದರು. ಬೆಳ್ಳಿ ಅವರ ಜೇಬಿಗೆ ಮೂತಿ ಹಾಕಿತು.

"ಚೆನ್ನಾಗಿ ಮಾಡಿದ್ದೀರಿ. ಈ ಕಡೆಯೆಲ್ಲ ಇಷ್ಟು ಚೆನ್ನಾಗಿರೋ ಕೊಟ್ಟಿಗೆ ನಾನು ನೋಡಿಲ್ಲ," ಎಂದು ಕಾಗದಕ್ಕೆ ಮುದ್ರೆ ಒತ್ತಿದರು. "ಹಾಲು ಯಾರು ಕರೀತಾರೆ? ಹೆಸರು ಬರ್ಕೋಬೇಕು."

"ನನ್ನ ಹೆಂಡ್ತಿ," ಎಂದರು ನನ್ನ ಗಂಡ. "ಮೊದಲು ನಮ್ಮ ಅಮ್ಮನೂ ಕರೀತಿದ್ರು. ಅವರಿಂದ ಒಂದು ತಪ್ಪಾಯ್ತು, ಈಗ ಬಿಡಿಸಿದ್ದೀವಿ."

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಕೊಟ್ಟಿಗೆಗೆ ಕಾಲಿಡಬೇಡ ಎಂದಿದ್ದರಲ್ಲ, ಹೊಸ್ತಿಲ ಆಚೆಗೇ ನಿಂತಿದ್ದರು. ನಾನು ಬಾಯಿ ತೆರೆದೆ. ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿ, "ಏನಮ್ಮ?" ಎಂದರು.

"ಚಹಾ ಕುಡಿದು ಹೋಗಿ ಮೇಡಂ," ಎಂದೆ. ಥೂ, ನನ್ನ ಜನ್ಮಕ್ಕೆ.

ಅವತ್ತು ಸಂಜೆ ಅತ್ತೆ ತಮ್ಮ ಮಗಳ, ಅಂದರೆ ನನ್ನ ನಾದಿನಿಯ, ಮನೆಗೆ ಫೋನ್ ಮಾಡಿದರು. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ನಮ್ಮೆಲ್ಲರಿಗೂ ಹೇಳಿದರು. "ಒಳ್ಳೇದು, ಹೋಗಿ ಬಾ. ಮನಸ್ಸಿಗೂ ಹಗುರಾಗುತ್ತೆ," ಎಂದರು ನನ್ನ ಗಂಡ. ಕೂಗಿದ್ದಕ್ಕೆ ಅವರಿಗೂ ಒಳಗೊಳಗೆ ಬೇಜಾರಿತ್ತು. ಬಸ್ ನಿಲ್ದಾಣದ ತನಕ ಬಿಡಲು ಮೈದುನ ಒಪ್ಪಿದ.

ಹತ್ತನೆಯ ದಿನ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತೆವು. ಮರುದಿನದಿಂದ ಮತ್ತೆ ನಮ್ಮ ಹಾಲು ತೆಗೆದುಕೊಳ್ಳುವವರಿದ್ದರು. ಅತ್ತೆ ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಚೀಲ ಬಾಗಿಲ ಹತ್ತಿರ ಇತ್ತು. ನಾನು ಬೇಯಿಸಿದ ಮೊಟ್ಟೆ ಸುಲಿದು ಅವರ ತಟ್ಟೆಗೆ ಹಾಕಿದೆ. ಅವರು ಬೆರಳಿನಿಂದ ಮುಟ್ಟಿ ನೋಡಿ, "ಬಿಸಿ ಇದೆ," ಎಂದರು. ಆ ಕೈ ನೋಡಿದೆ. ಹಾಲು ಕರೆದು ಗಂಟು ಕಟ್ಟಿದ ಬೆರಳುಗಳು. ಹತ್ತು ದಿನದಲ್ಲೇ ಅಂಗೈ ಮೆತ್ತಗಾಗತೊಡಗಿತ್ತು.

"ಆ ಹಾಲು ಕರೆದಿದ್ದು ನಾನು," ಎಂದೆ.

"ಯಾವ ಹಾಲು?" ಎಂದ ಮೈದುನ.

"ಬೆಳ್ಳಿ ಹಾಲು. ಎಡ ಮೂರು. ನನ್ನ ಸಾಲಲ್ಲಿ ಕಟ್ಟಿದ್ದೆ ನೀನು. ನಾನು ನೋಡ್ದೆ ಕರೆದು ಸುರಿದುಬಿಟ್ಟೆ. ತಲೆಬಟ್ಟೆಗೆ ನೀಲಿ ಹತ್ತಿತ್ತು. ಮರುದಿನ ಮಧ್ಯಾಹ್ನವೇ ಗೊತ್ತಾಯ್ತು ನಂಗೆ."

ನನ್ನ ಗಂಡ ಲೋಟ ಕೆಳಗಿಟ್ಟರು. "ಮರುದಿನವೇ?"

"ಹೌದು."

"ಗೊತ್ತಿದ್ದೂ... ಇಷ್ಟು ದಿನ?"

ಮಗಳು ನನ್ನನ್ನೇ ನೋಡುತ್ತಿದ್ದಳು. ಎಲ್ಲದಕ್ಕೂ ವಾದ ಹೂಡುವವಳು ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಅವಳು ಬೈದಿದ್ದರೆ ವಾಸಿ ಇತ್ತು.

"ನಂಗೆ ಗೊತ್ತಿತ್ತು," ಎಂದರು ಅತ್ತೆ, ಮೊಟ್ಟೆ ಮುರಿಯುತ್ತಾ.

"ಗೊತ್ತಿದ್ರೆ ಹೇಳೋದಲ್ವಾ ಅಮ್ಮ?" ಎಂದರು ನನ್ನ ಗಂಡ.

"ಹೇಳಿದ್ನಲ್ಲ, ನನ್ನ ಕೈಗೆ ಬರಲಿಲ್ಲ ಅಂತ. ಈ ಮನೇಲಿ ಹಾಲು ಕರೆಯೋರು ಇಬ್ಬರೇ. ನಾನಲ್ಲ ಅಂದ್ಮೇಲೆ ಇನ್ಯಾರು? ಅಷ್ಟು ಲೆಕ್ಕ ನಿಮಗ್ಯಾರಿಗೂ ಬರಲಿಲ್ಲ. ಆವತ್ತು ಮೊಲೆ ಮುಟ್ಟಿ ನೋಡ್ದೆ, ಅದಲ್ಲ ಅಂತ ತಿಳೀತು. ಆ ಕಡೆ ಹೋಗಿರ್ಬೇಕು, ಅಲ್ಲಿರೋಳಿಗೆ ಕಣ್ಣಿದೆಯಲ್ಲ, ನೋಡ್ಕೋತಾಳೆ ಅಂತ ಸುಮ್ಮನಾದೆ."

"ಅಮ್ಮ, ನಾನು ಅವತ್ತು..."

"ನೀನು ತಿಂಡಿ ತಿನ್ನು. ನಿನ್ನ ಸರದಿ ಆಮೇಲಿದೆ," ಎಂದು ಅತ್ತೆ ಎದ್ದರು.

ನಾನು ಅವರ ಹಿಂದೆಯೇ ಬಾಗಿಲ ತನಕ ಹೋದೆ. "ಹೋಗ್ಬೇಡಿ ಅತ್ತೆ. ಸಂಜೆಯಿಂದ ನೀವೇ ಬಂದು ಕರೀರಿ. ನಾನು ಹಸು ಕಟ್ಟಿ ಕೊಡ್ತೀನಿ."

"ಹೋಗ್ಲೇಬೇಕು. ಮಗಳಿಗೆ ಮಾತು ಕೊಟ್ಟಿದ್ದೀನಿ." ಬಾಗಿಲ ಚೌಕಟ್ಟು ಹಿಡಿದರು. ಆಮೇಲೆ ಧ್ವನಿ ತಗ್ಗಿಸಿ ಹೇಳಿದರು, "ಒಂಬತ್ತು ದಿನ ಕಾದೆ ಕಣೇ. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ."

ಬಗ್ಗಿ ಚೀಲ ಎತ್ತಿದೆ. ಎತ್ತಿದ ಕೂಡಲೇ ಅರ್ಥವಾಯಿತು. ಅದು ನಾಲ್ಕು ದಿನದ ಬಟ್ಟೆಯ ಭಾರವಲ್ಲ. ಎರಡೂ ಕೈಯಲ್ಲಿ ಹಿಡಿದು ನಾನು ಅವರ ಮುಖ ನೋಡಿದೆ. ನಾನು ನಿಂತುಬಿಟ್ಟದ್ದು ಅವರಿಗೆ ತಿಳಿಯಿತು.

"ಬಿಚ್ಚು," ಎಂದರು. "ನಾಲ್ಕು ದಿನಕ್ಕೆ ಎಷ್ಟು ಬೇಕೋ ಅಷ್ಟು ಬಿಡು. ಮಿಕ್ಕಿದ್ದು ತೆಗೆದು ಒಳಗಿಡು."

ಅಲ್ಲೇ ನೆಲದ ಮೇಲೆ ಕೂತು ಚೀಲ ಬಿಚ್ಚಿದೆ. ಚಳಿಗಾಲದ ಶಾಲು, ಮನೆಯೊಳಗೆ ಹಾಕುವ ಚಪ್ಪಲಿ, ಹಳೆಯ ಸ್ವೆಟರ್ ಎರಡು, ಕಪಾಟಿನಲ್ಲಿದ್ದ ಬಟ್ಟೆಯೆಲ್ಲ. ಒಂದೊಂದೇ ತೆಗೆದು ಮಡಿಸಿ ಪಕ್ಕಕ್ಕಿಟ್ಟೆ. ತೀರ ತಳದಲ್ಲಿ ಟವೆಲಿನಲ್ಲಿ ಸುತ್ತಿದ್ದ ಏನೋ ಚೌಕಾಕಾರದ್ದು ಕೈಗೆ ಸಿಕ್ಕಿತು. ಬಿಡಿಸಿದೆ. ಮಾವನವರ ಫೋಟೋ, ಕಟ್ಟು ಸಮೇತ.

ಊಟದ ಕೋಣೆಯ ಕಡೆ ತಿರುಗಿ ನೋಡಿದೆ. ಮೇಜಿನ ಎದುರಿನ ಗೋಡೆಯಲ್ಲಿ ಬರಿ ಮೊಳೆ ಇತ್ತು.

"ಯಾವಾಗ ತೆಗೆದ್ರಿ ಅತ್ತೆ?"

"ಆ ಇನ್ಸ್‌ಪೆಕ್ಟರ್ ಬಂದು ಹೋದ್ರಲ್ಲ, ಅವತ್ತೇ."

ಮೂರು ದಿನ. ಮೂರು ದಿನವೂ ನಾವು ನಾಲ್ಕು ಜನ ಆ ಗೋಡೆಯ ಎದುರೇ ಕೂತು ಎರಡು ಹೊತ್ತು ಉಂಡಿದ್ದೆವು.